ಗೀರು ಬಿದ್ದ ಡಿವಿಡಿ ಮತ್ತು ಖಾಲಿ ಸಿಡಿ

ತಿಪ್ಪಯ್ಯನ ಮನೆಯ ಡಿವಿಡಿಯೊಂದಕ್ಕೆ ಬಲು ಬಿಂಕ. ಅವನ ತೀರಿಹೋದ ಹೆಂಡತಿ ಹೊನ್ನಮ್ಮನ ನಗು ಉಳಿದಿದ್ದುದು ಅದರೊಳಗೆ ಮಾತ್ರ. ಹೊನ್ನಮ್ಮನ ತಾಯಿ ಆ ನಗು ಕೇಳಬೇಕೆಂದಳು. ಆಕೆಯ ಮನೆಯ ಹಳೆ ಪ್ಲೇಯರಿಗೆ ವಿಸಿಡಿ ಬಿಟ್ಟರೆ ಬೇರೇನೂ ಒಗ್ಗದು. ಹಾಗಾಗಿ ತಿಪ್ಪಯ್ಯ ಆ ನಗುವನ್ನು ವಿಸಿಡಿಗೆ ಇಳಿಸಲೆಂದು, ಡಿವಿಡಿಯನ್ನು ಕಂಪ್ಯೂಟರಿಗೆ ಹಾಕಲು ತೆಗೆದು, ಖಾಲಿ ಸಿಡಿಯ ಪಕ್ಕ ಇಟ್ಟ.

“ಏನಯ್ಯಾ ಬರಿಮೈಯವನೇ, ಅವಳ ಸೀರೆಯ ಜರಿ ನಿನ್ನಲ್ಲಿ ಕಂಡೀತೇ?” ಎಂದು ಡಿವಿಡಿ ಮೂದಲಿಸಿತು.

“ಇಲ್ಲಣ್ಣ, ಚಿತ್ರ ಮಸುಕಾಗುತ್ತೆ. ನಗು ಕೇಳುತ್ತೆ. ಆ ತಾಯಿಗೂ ಕಣ್ಣು ಮಂಜು,” ಎಂದಿತು ಸಿಡಿ.

ಡಿವಿಡಿ ಕಂಪ್ಯೂಟರಿನೊಳಗೆ ಹೋಗಿ ತಿರುಗತೊಡಗಿತು. ನಗುವಿನ ಹತ್ತಿರ ಬಂದು ತಡವರಿಸಿತು. ತಿಪ್ಪಯ್ಯ ದಿನವೂ ಪಂಚೆಯಂಚಿನಿಂದ, ಊಟದ ತಟ್ಟೆಯ ಹಾಗೆ ಒರೆಸಿ ಒರೆಸಿ ಅಲ್ಲೇ ಗೀರು ಬಿದ್ದಿತ್ತು.

“ಇಷ್ಟು ಬಿಟ್ಟು ಮುಂದೆ ಹೋಗೋಣವೇ?” ಎಂದಿತು ಕಂಪ್ಯೂಟರ್.

“ಅದನ್ನೇ ಬಿಟ್ಟರೆ ಮಿಕ್ಕದ್ದು ಯಾರಿಗೆ ಬೇಕು? ಮತ್ತೆ ತಿರುಗಿಸು.”

“ಇನ್ನು ತಿರುಗಿಸಿದರೆ ನೀನು ಸೀಳಿಹೋಗುತ್ತೀ.”

“ಹೋದರೆ ಹೋದೆ. ತಿರುಗಿಸು ಅಂದೆನಲ್ಲ!”

ಏಳು ಸಲ ತಡವರಿಸಿತು. ಎಂಟನೆಯ ಸಲ ಗೀರು ದಾಟಿತು. ನಗು ಕಂಪ್ಯೂಟರಿಗೆ ಬಂತು, ಅಲ್ಲಿಂದ ಸಿಡಿಗೆ ಇಳಿಯಿತು; ಖಾಲಿ ಸಿಡಿ ವಿಸಿಡಿಯಾಯಿತು. ಡಿವಿಡಿ ಮಾತ್ರ ಅಂಚಿನಿಂದ ನಡುವಿನವರೆಗೆ ಸೀಳಿತ್ತು.

ತಿಪ್ಪಯ್ಯ ಅದನ್ನು ಎಸೆಯಲಿಲ್ಲ. ಅತ್ತೆಯ ಹಿತ್ತಲಿನ ಅವರೆ ಚಪ್ಪರಕ್ಕೆ, ಗಿಳಿ ಬೆದರಲೆಂದು, ದಾರದಲ್ಲಿ ತೂಗುಹಾಕಿದ. ಒಳಗೆ ವಿಸಿಡಿ ತಿರುಗಿತು. ಹೊನ್ನಮ್ಮ ನಕ್ಕಳು.

“ಹಂಗೇ ನಗ್ತಾಳಲ್ಲಪ್ಪ ನನ್ ಮಗಳು! ಇನ್ನೊಂದ್ಸಲ ಹಾಕು ತಿಪ್ಪಯ್ಯಾ,” ಎಂದಳು ಮುದುಕಿ.

ಹೊರಗೆ ಡಿವಿಡಿಯೂ ಗಾಳಿಗೆ ಇನ್ನೊಂದು ಸುತ್ತು ತಿರುಗಿತು.