ನದಿಯ ನಾಡಿಗೆ ಕೊಟ್ಟ ಬಲ

"ಗುರುಗಳೇ, ಈಜಿಪ್ಟಿಗೆ ಯಾವ ಬಲ ಕೊಡಲಿ?"

ಹಾಗೆ ಕೇಳಿದವಳು ಹೈಮವತಿ. ಆಟಗಳನ್ನು ರಚಿಸುವ ವಿದ್ಯೆಯನ್ನು ಈ ಗುರುಗಳ ಬಳಿಯೇ ಕಲಿತವಳು. ಈಗ ಅವಳು ಕಂಪ್ಯೂಟರಿನಲ್ಲಿ ಆಡುವ ಒಂದು ರಾಜ್ಯತಂತ್ರದ ಆಟವನ್ನು ಕಟ್ಟುತ್ತಿದ್ದಳು. ಆಡುವವನು ಹಳೆಯ ಕಾಲದ ಒಂದು ನಾಡನ್ನು ಆರಿಸಿಕೊಳ್ಳಬೇಕು. ಊರು ಕಟ್ಟಿ, ಹೊಲ ಮಾಡಿ, ಸೈನ್ಯ ಕೂಡಿಸಿ ಉಳಿದ ನಾಡುಗಳನ್ನು ಎದುರಿಸಬೇಕು. ಒಂದೊಂದು ನಾಡಿಗೂ ಬೇರೆ ಯಾರಿಗೂ ಇಲ್ಲದ ಒಂದು ಬಲ ಇರುತ್ತದೆ. ಒಂದೇ ಒಂದು. ರೋಮಿಗೆ ಅವಳು ರಸ್ತೆಗಳನ್ನು ಕೊಟ್ಟಿದ್ದಳು, ಮಂಗೋಲರಿಗೆ ಕುದುರೆಗಳನ್ನು. ಈಜಿಪ್ಟಿನ ಮುಂದೆ ಅವಳ ಕೈ ನಿಂತುಹೋಗಿತ್ತು.

"ಮೊದಲು ಪಿರಮಿಡ್ಡು ಕೊಟ್ಟೆ. ಬೇರೆಯವರಿಗಿಂತ ಬೇಗ ಕಟ್ಟಬಹುದು ಎಂದೆ. ಅದನ್ನು ತೆಗೆದು ರಥ ಕೊಟ್ಟೆ. ಆಮೇಲೆ ಅದನ್ನೂ ತೆಗೆದು ನದಿಯ ದಡದಲ್ಲಿ ಎರಡು ಪಾಲು ಬೆಳೆ ಕೊಟ್ಟೆ. ಆಡಿದವರೆಲ್ಲ ಚೆನ್ನಾಗಿದೆ ಎಂದರು. ಒಬ್ಬಳು ಗೆಳತಿ ಮಾತ್ರ, ಇದಕ್ಕೆ ಬೇರೆ ಯಾವ ಹೆಸರಿಟ್ಟರೂ ಆಟ ಹೀಗೇ ನಡೆಯುತ್ತದಲ್ಲ ಎಂದಳು. ಅವಳು ಹೇಳಿದ್ದು ಸರಿ. ಮೂರು ಸಾವಿರ ವರ್ಷ ಬಾಳಿದ ನಾಡು, ಗುರುಗಳೇ. ಅದನ್ನು ಆಟದೊಳಗೆ ತರುವುದು ಹೇಗೆ?"

ಗುರುಗಳು, "ಆ ನಾಡಿನದೇ ಒಂದು ಕತೆ ಹೇಳುತ್ತೇನೆ. ನಡೆದದ್ದಲ್ಲ, ಕಟ್ಟಿದ್ದು. ಕೇಳು" ಎಂದರು.

ನದಿಯ ನಾಡಿನಲ್ಲಿ ಒಬ್ಬ ಬಡಗಿ ಇದ್ದ. ಆಟದ ಹಲಗೆಗಳನ್ನೂ ಕಾಯಿಗಳನ್ನೂ ಮಾಡುವುದು ಅವನ ಕಸುಬು. ಅವನ ಹಲಗೆಯ ಮೇಲೆ ಆಡದ ಮನೆ ಆ ಪಟ್ಟಣದಲ್ಲಿ ಇರಲಿಲ್ಲ.

ನದಿಯ ನಾಡು, ಬೆಟ್ಟದ ನಾಡು, ಕಡಲಿನ ನಾಡು ಬಹಳ ಕಾಲ ಕಾದಾಡಿದ್ದವು. ಒಂದು ವರ್ಷ ಮೂರು ನಾಡಿನ ದೊರೆಗಳೂ ಸಾಕೆಂದು ಕೂತರು. ಇನ್ನು ಮೇಲೆ ಹೊಲಗಳಲ್ಲಿ ಬೇಡ, ಹಲಗೆಯ ಮೇಲೆ ಕಾದಾಡೋಣ ಎಂದು ಒಪ್ಪಿದರು. ಒಂದು ದೊಡ್ಡ ಆಟ ಮಾಡಿಸಬೇಕು, ಅದರಲ್ಲಿ ಮೂರು ನಾಡುಗಳೂ ಇರಬೇಕು, ಪ್ರತಿ ನಾಡಿನ ಕುಶಲಕರ್ಮಿ ತನ್ನ ನಾಡಿಗೆ ಒಂದು ಬಲ ಕೊಡಬೇಕು, ಅದನ್ನು ಒಂದೇ ಮಾತಿನಲ್ಲಿ ಹೇಳಬೇಕು. ಮುಂದಿನ ಸುಗ್ಗಿ ಮುಗಿದ ಮೇಲೆ ನದಿಯ ನಾಡಿನ ಅರಮನೆಯಲ್ಲಿ ಆಟ.

ಬೆಟ್ಟದವರ ಮಾತು ಮೊದಲು ಬಂತು: ನಮ್ಮ ಕುದುರೆ ಒಂದು ಸರದಿಗೆ ಎರಡು ಮನೆ ದಾಟುತ್ತದೆ. ಕಡಲಿನವರದೂ ಬಂತು: ನಮ್ಮ ಹಡಗು ಯಾವ ದಡಕ್ಕಾದರೂ ಇಳಿಯುತ್ತದೆ.

ನದಿಯ ನಾಡಿನ ದೊರೆ ಬಡಗಿಯನ್ನು ಕರೆಸಿದ.

"ನನ್ನ ನಾಡು ಆ ಎರಡಕ್ಕಿಂತ ಹಿರಿದು. ಅದು ಹಲಗೆಯ ಮೇಲೆ ಕಾಣಬೇಕು. ಕಾಣದೆ ಹೋದರೆ ನಿನ್ನ ಕೈ ಮತ್ತೆ ಉಳಿ ಹಿಡಿಯುವುದಿಲ್ಲ" ಎಂದ.

ಬಡಗಿ ಮನೆಗೆ ಬಂದು ಯೋಚಿಸಿದ. ಹಿಂದಿನ ದೊರೆಗಳ ಕಲ್ಲಿನ ಗೋರಿಗಳು ನೆನಪಾದವು. ಒಂದು ಪುಟ್ಟ ಗೋರಿಯನ್ನು ಕೆತ್ತಿ ಹಲಗೆಯ ಮೇಲಿಟ್ಟ. ಅದು ನಡೆಯುವುದಿಲ್ಲ, ಹೊಡೆಯುವುದಿಲ್ಲ. ತೆಗೆದಿಟ್ಟ. ರಥವನ್ನು ಕೆತ್ತಿದ. ಅದನ್ನು ನೋಡಿದ ದೊರೆಯ ಸಾರಥಿ, "ರಥ ನಮ್ಮದಲ್ಲ, ಹೊರಗಿನಿಂದ ಬಂದದ್ದು" ಎಂದ. ಚಿನ್ನವೆಂದರೆ ಅದು ಎಲ್ಲರ ನಾಡಿನಲ್ಲೂ ಇತ್ತು. ತಿಂಗಳು ಕಳೆಯಿತು. ಅವನು ತನ್ನ ಬಲಗೈಯನ್ನು ಆಗಾಗ ನೋಡಿಕೊಳ್ಳತೊಡಗಿದ. ಹುಟ್ಟಿದ ನಾಡಿನ ಬಗ್ಗೆ ಒಂದು ಮಾತು ಹೇಳಲು ತನಗೆ ಬರುವುದಿಲ್ಲವಲ್ಲ ಎಂಬುದು ಆ ಭಯಕ್ಕಿಂತ ಹೆಚ್ಚಾಗಿ ಅವನನ್ನು ಕಾಡಿತು. ಕೊನೆಗೆ, ನಾಡನ್ನು ನೋಡಿಯಾದರೂ ಬರೋಣವೆಂದು ದೋಣಿ ಹತ್ತಿ ನದಿಯ ಮೇಲಕ್ಕೆ ಹೊರಟ.

ಹದಿನೇಳನೆಯ ದಿನ ದೋಣಿ ಬಂಡೆಗಳ ನಡುವಿನ ಒಂದು ಊರಿಗೆ ಬಂತು. ಅಲ್ಲಿ ನದಿಯ ಅಂಚಿಗೆ ಒಂದು ಉದ್ದನೆಯ ಕಲ್ಲಿನ ಗೋಡೆ ಇತ್ತು. ಗೋಡೆಯ ಮುಂದೆ ಒಬ್ಬ ಮುದುಕಿ ಉಳಿ ಹಿಡಿದು ಕೂತಿದ್ದಳು. ಉಳಿ ಕಂಡು ಬಡಗಿ ನಿಂತ.

"ಏನು ಕೆತ್ತುತ್ತಿದ್ದೀರಿ, ಅಮ್ಮ?"

"ನೀರಿನ ಗೆರೆ. ನದಿ ವರ್ಷಕ್ಕೊಮ್ಮೆ ಉಕ್ಕುತ್ತದಲ್ಲ, ಎಷ್ಟು ಎತ್ತರಕ್ಕೆ ಬಂದು ನಿಂತಿತೋ ಅಷ್ಟು ಎತ್ತರಕ್ಕೆ ಒಂದು ಗೆರೆ. ಕೆಳಗೆ ಆಗಿನ ದೊರೆಯ ಹೆಸರು. ಮರುವರ್ಷ ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದು ಇನ್ನೊಂದು ಗೆರೆ. ಇದನ್ನು ನೋಡಿ ಕೆಳಗಿನ ಊರುಗಳವರು ಬಿತ್ತುತ್ತಾರೆ."

"ಹಳೆಯ ಗೆರೆಗಳನ್ನು ನೋಡಬಹುದೇ?"

"ನಡೆದು ನೋಡಬೇಕು, ತಮ್ಮ. ಬಾ" ಎಂದು ಅವಳು ಎದ್ದಳು.

ಅವನ ಒಂದು ಹೆಜ್ಜೆಗೆ ಮೂವತ್ತು ವರ್ಷ ಹಿಂದಾಯಿತು. ಎರಡನೆಯ ಹೆಜ್ಜೆ ಇಡುವಷ್ಟರಲ್ಲಿ ಅವನು ಹುಟ್ಟಿದ ವರ್ಷ ದಾಟಿತು. ನಾಲ್ಕನೆಯ ಹೆಜ್ಜೆಗೆ ಅವನ ಅಜ್ಜ ಹುಟ್ಟಿರಲಿಲ್ಲ. ಹತ್ತನೆಯ ಹೆಜ್ಜೆಗೆ, ಗೆರೆಯ ಕೆಳಗಿದ್ದ ದೊರೆಗಳ ಹೆಸರನ್ನು ಅವನು ಎಂದೂ ಕೇಳಿರಲಿಲ್ಲ. ಇಪ್ಪತ್ತನೆಯ ಹೆಜ್ಜೆಗೆ ಮುದುಕಿಯೂ ಕೇಳಿರಲಿಲ್ಲ. ಗೆರೆಗಳು ಏರುತ್ತ ಇಳಿಯುತ್ತ ಹೋಗುತ್ತಲೇ ಇದ್ದವು.

ಒಂದೆಡೆ ಅವು ಅವನ ಮೊಣಕಾಲಿನ ಮಟ್ಟಕ್ಕೆ ಇಳಿದಿದ್ದವು. ಅಂಥವು ಆರು.

"ಇಲ್ಲಿ ಏನಾಯಿತು?"

"ನೀರು ಬರಲಿಲ್ಲ. ಜನ ಸತ್ತರು."

"ಗೆರೆ ಕೊರೆದವರು ಬದುಕಿದರೇ?"

"ನಾಲ್ಕು ಗೆರೆ ಒಬ್ಬನ ಕೈ. ಆಮೇಲಿನ ಎರಡು ಬೇರೆ ಕೈ. ಮುಟ್ಟಿ ನೋಡು."

ಬಡಗಿ ಮುಟ್ಟಿ ನೋಡಿದ. ಉಳಿ ಹಿಡಿದು ಬೆಳೆದವನಿಗೆ ಕೈ ತಿಳಿಯುತ್ತದೆ. ನಾಲ್ಕನೆಯ ಗೆರೆಯಲ್ಲಿ ಬಲವೇ ಇರಲಿಲ್ಲ, ಕಲ್ಲನ್ನು ಗೀಚಿದಂತಿತ್ತು. ಐದನೆಯದು ಸೊಟ್ಟಗಿತ್ತು. ಕೆತ್ತಿ ಅಭ್ಯಾಸವಿಲ್ಲದ ಯಾರೋ ಅದನ್ನು ಕೆತ್ತಿದ್ದರು. ಆದರೂ ಆಳವಾಗಿ ಕೆತ್ತಿದ್ದರು.

ಇನ್ನಷ್ಟು ನಡೆದ ಮೇಲೆ ಒಂದು ಬೆರಳಿನಷ್ಟು ಜಾಗ ಖಾಲಿ ಇತ್ತು. ಬಡಗಿ ಅದರ ಮೇಲೆ ಕೈಯಿಟ್ಟ.

"ಅದು ಹೊರಗಿನವರು ಬಂದ ವರ್ಷ. ರಥದಲ್ಲಿ ಬಂದರು. ದೊರೆಯನ್ನು ಕೊಂದರು. ಗೆರೆ ಕೊರೆಯುವವರೂ ಓಡಿಹೋದರು" ಎಂದಳು ಮುದುಕಿ.

"ಇದರ ಪಕ್ಕದ ಗೆರೆ ಯಾರದು?"

"ಅವರದೇ. ಗೆದ್ದ ನಾಡಿನಲ್ಲಿ ಅವರೂ ಉಣ್ಣಬೇಕಲ್ಲ. ಇಲ್ಲಿಗೇ ಬಂದು, ನೀರು ಎಲ್ಲಿಯವರೆಗೆ ಬರುತ್ತದೆ, ನಾವು ಯಾವಾಗ ಬಿತ್ತಬೇಕು ಎಂದು ಕೇಳಿದರಂತೆ. ಕೆಳಗಿನ ಹೆಸರು ನೋಡು. ಅವರ ಮಾತಿನದು. ಎರಡು ಹೆಜ್ಜೆ ಈಚೆಗೆ ಬಂದು ನೋಡು. ಮೊಮ್ಮಕ್ಕಳಿಗೆ ನಮ್ಮ ದೇವರ ಹೆಸರಿಟ್ಟಿದ್ದಾರೆ."

"ಅವರನ್ನು ಮತ್ತೆ ಓಡಿಸಿದವರು ಯಾರು?"

"ಕೆಲವರನ್ನು ಓಡಿಸಿದರು. ಉಳಿದವರು ನಾವು. ನನ್ನ ತಾಯಿಯ ಕಡೆಯವರು ಅವರೇ."

ಮೊದಲ ಗೆರೆಯವರೆಗೂ ಅವನು ನಡೆದ. ಅಲ್ಲಿ ಅಕ್ಷರ ಇರಲಿಲ್ಲ. ಬರೆಯುವುದನ್ನು ಕಲಿಯುವ ಮೊದಲೇ ಯಾರೋ ಅದನ್ನು ಕೊರೆದಿದ್ದರು. ಅವನು ಹಿಂದಿರುಗಿದ. ಮುದುಕಿ ಕೂತಿದ್ದ ಜಾಗಕ್ಕೆ ಬಂದ ಮೇಲೆ, ಬರುವಾಗ ಗಮನಿಸದಿದ್ದ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಗೋಡೆ ಅವಳ ಹೊಸ ಗೆರೆಗೆ ಮುಗಿದಿರಲಿಲ್ಲ. ಆಚೆಗೆ ಹೋಗಿತ್ತು. ನದಿ ತಿರುಗುವ ಕಡೆಯವರೆಗೂ ಹೋಗಿ, ನದಿಯ ಜೊತೆಗೇ ತಿರುಗಿತ್ತು. ಉದ್ದಕ್ಕೂ ನಯ ಮಾಡಿದ ಕಲ್ಲು. ಒಂದು ಗೆರೆಯೂ ಇರಲಿಲ್ಲ.

"ಇದನ್ನು ಯಾರು ಕಟ್ಟಿದರು?"

"ಮೊದಲ ಗೆರೆ ಕೊರೆದರಲ್ಲ, ಅವರು."

"ಆಗ ಅವರಿಗೆ ಬೇಕಾದದ್ದು ಒಂದು ಗೆರೆಯಷ್ಟೇ ಜಾಗ, ಅಲ್ಲವೇ?"

"ಹೌದು" ಎಂದು ಮುದುಕಿ ಮತ್ತೆ ಉಳಿ ಹಿಡಿದು ಕೂತಳು.

ಬಡಗಿ ಅಲ್ಲೇ ನೆಲದ ಮೇಲೆ ಕೂತ. ತಾನು ಅದುವರೆಗೆ ಮಾಡಿದ ಹಲಗೆಗಳೆಲ್ಲ ನೆನಪಾದವು. ಕೊನೆಯ ಮನೆ ಕೊರೆದೊಡನೆ ಅವನು ಉಳಿದ ಮರವನ್ನು ಕೊಯ್ದು ತೆಗೆಯುತ್ತಿದ್ದ. ಅದೇ ಅಚ್ಚುಕಟ್ಟು ಎಂದುಕೊಂಡಿದ್ದ. ಗೋಡೆಯ ನೆರಳು ನೀರಿಗೆ ತಾಗುವವರೆಗೂ ಅವನು ಅಲ್ಲಿಂದ ಏಳಲಿಲ್ಲ. ತನ್ನ ಕೈಯ ಯೋಚನೆ ಅವನಿಗೆ ಆಮೇಲೆ ಬರಲಿಲ್ಲ.

ಸುಗ್ಗಿ ಮುಗಿಯಿತು. ಮೂವರು ದೊರೆಗಳೂ ಅರಮನೆಯ ಅಂಗಳದಲ್ಲಿ ಹಲಗೆಯ ಸುತ್ತ ಕೂತರು. ಬಡಗಿ ಎದ್ದು ತನ್ನ ಮಾತು ಹೇಳಿದ.

"ನದಿಯ ನಾಡಿನ ಪೀಠದಲ್ಲಿ ಯಾರೇ ಕೂತರೂ ನದಿಯ ಸರದಿಯನ್ನು ಆಡಬೇಕು."

ಕಡಲಿನ ದೊರೆ ನಕ್ಕ. ನದಿಯ ನಾಡಿನ ದೊರೆಯ ಮುಖ ಕಪ್ಪಿಟ್ಟಿತು. "ಇದು ಬಲವೋ, ಕಟ್ಟುಪಾಡೋ?" ಎಂದು ಕೇಳಿದ.

"ಆಡಿ ನೋಡಬೇಕು, ಪ್ರಭು."

ಆಡಿದರು. ಬೆಟ್ಟದ ಕುದುರೆಗಳು ಎರಡೆರಡು ಮನೆ ದಾಟಿ ಬಂದವು. ಮೂರನೆಯ ದಿನ ನದಿಯ ನಾಡಿನ ದೊರೆಯ ಕಾಯಿ ಬಿತ್ತು. ದೊರೆ ಪೀಠ ಬಿಟ್ಟು ಎದ್ದ. ಬಡಗಿಯ ಕಡೆ ಒಮ್ಮೆ ನೋಡಿದ. ಅಂಗಳದಲ್ಲಿದ್ದವರೆಲ್ಲ ಆ ನೋಟದ ಅರ್ಥ ಬಲ್ಲವರೇ.

ಗೆದ್ದವನು ಗೆದ್ದ ಪೀಠದಲ್ಲಿ ಕೂರಬೇಕೆಂಬುದು ಆಟದ ನಿಯಮ. ಬೆಟ್ಟದ ದೊರೆ ಬಂದು ಕೂತ. ಬಡಗಿ ಅವನ ಮುಂದೆ ನಾಲ್ಕು ಕಡ್ಡಿಗಳನ್ನೂ ಒಂದು ಪುಟ್ಟ ಉಳಿಯನ್ನೂ ಇಟ್ಟ.

"ನದಿಯ ಸರದಿ, ಪ್ರಭು."

ಕಡ್ಡಿ ಎಸೆದರೆ ಎಷ್ಟು ನೀರು ಎಂದು ತಿಳಿಯುತ್ತದೆ. ಅಷ್ಟು ದೂರಕ್ಕೆ ನೀಲಿ ಬಟ್ಟೆಯನ್ನು ಹೊಲಗಳ ಮೇಲೆ ಎಳೆಯಬೇಕು. ಬಟ್ಟೆ ಇರುವಷ್ಟು ಹೊತ್ತು ಕುದುರೆಯೂ ಇಲ್ಲ, ಕಾಲಾಳೂ ಇಲ್ಲ, ಕಾಯಬೇಕು. ಬಟ್ಟೆ ಸರಿದ ಮೇಲೆ ಬಿತ್ತಬೇಕು. ಹಲಗೆಯ ಅಂಚಿನ ಪಟ್ಟಿಯ ಮೇಲೆ ಒಂದು ಗೆರೆ ಕೊರೆಯಬೇಕು. ಬೆಟ್ಟದ ದೊರೆ ನಗುತ್ತಲೇ ಕೊರೆದ. ಎರಡನೆಯ ಸಲ ನೀರು ಕಡಿಮೆ ಬಂತು. ತಿಳಿಯದೆ ಹೆಚ್ಚು ಬಿತ್ತಿದ. ಮೂರು ಊರುಗಳು ಒಣಗಿದವು. ಅವನ ನಗು ನಿಂತಿತು. ಮೂರನೆಯ ಸಲ ಕಡ್ಡಿ ಎಸೆದು, ಹಲಗೆಯ ಕಡೆ ಬಾಗಿ, ಸೋತು ನಿಂತಿದ್ದ ದೊರೆಯನ್ನು ಕೇಳಿದ:

"ಇಷ್ಟು ನೀರಿಗೆ ನೀವು ಎಷ್ಟು ಬಿತ್ತುತ್ತೀರಿ?"

ಸೋತ ದೊರೆಯ ಕಣ್ಣು ಒಣಗಿದ ಊರುಗಳ ಕಡೆ ಹೋಯಿತು. ಹೇಳಿಕೊಟ್ಟ.

ಐದನೆಯ ದಿನ ಕಡಲಿನ ದೊರೆ ತನ್ನ ಹಡಗುಗಳನ್ನು ಇಳಿಸಿ ಬೆಟ್ಟದ ಊರುಗಳನ್ನು ಒಂದೊಂದಾಗಿ ಹಿಡಿದ. "ನಿನ್ನ ಬೆಟ್ಟ ಹೋಗುತ್ತಿದೆ, ಗಮನವಿದೆಯೇ?" ಎಂದ.

ಬೆಟ್ಟದ ದೊರೆ ತಲೆ ಎತ್ತಲಿಲ್ಲ. ಬೆರಳಿನಿಂದ ಅಂಚಿನ ಗೆರೆಗಳನ್ನು ಮುಟ್ಟಿ ನೋಡುತ್ತಿದ್ದ.

"ಸ್ವಲ್ಪ ತಾಳು. ನಮ್ಮ ನೀರು ಇಳಿಯುತ್ತಿದೆ" ಎಂದ.

'ನಮ್ಮ' ಎಂಬುದು ಎಲ್ಲರಿಗೂ ಕೇಳಿಸಿತು. ಹಾಗೆ ಅಂದವನಿಗೆ ಮಾತ್ರ ಅದು ಬಾಯಿಂದ ಬಂದದ್ದು ತಿಳಿಯಲಿಲ್ಲ. ನದಿಯ ನಾಡಿನ ದೊರೆ ಹಲಗೆಯನ್ನೇ ನೋಡುತ್ತ ನಿಂತ. ಅದರ ಮೇಲೆ ಅವನ ಒಂದು ಕಾಯಿಯೂ ಉಳಿದಿರಲಿಲ್ಲ. ಆದರೆ ಹೊಲಗಳು ಇದ್ದವು, ಊರುಗಳು ಇದ್ದವು, ಅಂಚಿನ ಪಟ್ಟಿ ಮುಂದಕ್ಕೆ ಖಾಲಿ ಇತ್ತು. ತನಗಿಂತ ಎಷ್ಟೋ ದೊಡ್ಡದಾದ ಒಂದರ ಮುಂದೆ ನಿಂತವನಂತೆ ಅವನು ಕಿರೀಟ ತೆಗೆದು ಕೈಯಲ್ಲಿ ಹಿಡಿದ. ಆಮೇಲೆ ತನ್ನನ್ನು ಸೋಲಿಸಿದವನ ಪಕ್ಕಕ್ಕೆ ಹೋಗಿ ಕೂತು, ನೀಲಿ ಬಟ್ಟೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡ. ಇಬ್ಬರೂ ಸೇರಿ ಬಟ್ಟೆಯನ್ನು ಮೆಲ್ಲಗೆ ಸರಿಸಿದರು.

ಆಟ ಮುಗಿದ ಮೇಲೆ ದೊರೆ ಬಡಗಿಯನ್ನು ಕರೆದು, "ಈ ಬಲವನ್ನು ಎಲ್ಲಿಂದ ತಂದೆ?" ಎಂದು ಕೇಳಿದ.

"ನಾನು ತಂದದ್ದಲ್ಲ, ಪ್ರಭು. ಇತ್ತು. ಅದು ಇದ್ದದ್ದು ನನಗೆ ತಿಳಿದಿರಲಿಲ್ಲ" ಎಂದ ಬಡಗಿ.

ಗುರುಗಳು ಕತೆ ನಿಲ್ಲಿಸಿದರು.

"ನಾನೂ ಬಲ ಕೊಡಲು ಹೊರಟು ತಪ್ಪಿದೆ" ಎಂದಳು ಹೈಮವತಿ. "ಎರಡು ವರ್ಷದಿಂದ ಇದೇ ಕೆಲಸ, ಗುರುಗಳೇ. ಯಾವ ನಕ್ಷತ್ರ ಮೂಡಿದರೆ ನೈಲ್ ಉಕ್ಕುತ್ತದೆ, ಯಾವ ತಿಂಗಳು ನೀರು ಇಳಿಯುತ್ತದೆ, ಎಲ್ಲ ಬಾಯಿಗೆ ಬಂದಿದೆ. ಮೊನ್ನೆ ನನ್ನ ಅಮ್ಮ ನಮ್ಮೂರ ಹೊಳೆಗೆ ನೀರು ಬಂತು ಎಂದರು. ನೈಲ್ ಉಕ್ಕಲು ಇನ್ನೂ ಹದಿನೈದು ದಿನ ಇದೆಯಲ್ಲ ಎಂದುಬಿಟ್ಟೆ. ಇಷ್ಟೆಲ್ಲ ಆದರೂ ಆ ನಾಡನ್ನು ನನ್ನ ಆಟದೊಳಗೆ ತರಲು ನನ್ನಿಂದ ಆಗಲಿಲ್ಲ."

ಗುರುಗಳು ಅವಳ ಮುಖ ನೋಡಿ ಕೇಳಿದರು:

"ಆ ನಾಡೇ ನಿನ್ನನ್ನು ತನ್ನೊಳಗೆ ಕರೆದುಕೊಂಡು ಎಷ್ಟು ಕಾಲವಾಯಿತು, ತಾಯಿ?"