ಹೊಂಗೆಸಸಿಯ ಬಿದಿರುಕೋಲು

ಊರಿಗೆಲ್ಲ ಸೇರಿದ ಗುಂಡುತೋಪಿನಲ್ಲಿ ಜನ ಒಂದು ಹೊಂಗೆಸಸಿ ನೆಟ್ಟು, ಪಕ್ಕದಲ್ಲಿ ಬಿದಿರುಕೋಲು ಹುಗಿದು, ಎರಡನ್ನೂ ನಾರಿನ ಹಗ್ಗದಿಂದ ಬಿಗಿಯಾಗಿ ಕಟ್ಟಿದರು. ತನ್ನನ್ನು ನಂಬಿ ಒಂದು ಜೀವ ಒಪ್ಪಿಸಿದ್ದಾರೆಂದು ಕೋಲು ಬೀಗಿತು.

ಗಾಳಿ ಬಂದು, "ಸ್ವಲ್ಪ ಸಡಿಲ ಬಿಡಪ್ಪ, ಮಗು ನನ್ನ ಜೊತೆ ಆಡಲಿ," ಎಂದಿತು.

"ನಾನಿರುವಷ್ಟು ದಿನ ಇದರ ಒಂದೆಲೆಯೂ ಅಲುಗಕೂಡದು," ಎಂದು ಕೋಲು ಗದರಿತು. ಆಚೆ ಸಾಲಿನಲ್ಲಿ ಸಡಿಲ ಹಗ್ಗದ ನೇರಳೆಸಸಿಯೊಂದು ತೂಗಾಡುತ್ತಿತ್ತು. ಅದನ್ನು ತೋರಿಸಿ, "ನೋಡು, ಹೇಳುವವರು ಕೇಳುವವರು ಇಲ್ಲದ ಮಕ್ಕಳ ಗತಿಯೇ ಇಷ್ಟು," ಎಂದು ಬುದ್ಧಿ ಹೇಳಿತು. ಹೊಂಗೆಸಸಿ ತಲೆಯಾಡಿಸೋಣವೆಂದರೆ ಅದಕ್ಕೂ ಹಗ್ಗ ಬಿಡಲಿಲ್ಲ.

ಮಳೆಗಾಲ ಕಳೆದ ಮೇಲೆ ಕಳೆ ಕೀಳಲು ಬಂದ ಚಿಕ್ಕತಾಯಮ್ಮ, ತೊಗಟೆಗೆ ಹಗ್ಗ ಕಚ್ಚಿದ್ದು ಕಂಡು ಬಿಚ್ಚಿದಳು. ಹೊಂಗೆ ಬಾಗಿ ನೆಲ ಮುಟ್ಟಿತು. ನೇರಳೆ ಮಾತ್ರ ಹೆಬ್ಬೆರಳ ದಪ್ಪವಾಗಿ ನೆಟ್ಟಗೆ ನಿಂತಿತ್ತು.

"ಇಷ್ಟು ಜೋಪಾನ ಮಾಡಿದೆನಲ್ಲ," ಎಂದು ಕೋಲು ಗೋಳಾಡಿತು.

"ಮಾಡಿದೆ. ಅದು ತಾನಾಗಿ ನಿಲ್ಲಲು ಕಲಿಯದಂತೆ, ಅದರ ಪಾಲಿಗೂ ನೀನೇ ನಿಂತೆ," ಎಂದಿತು ಗಾಳಿ.

ಚಿಕ್ಕತಾಯಮ್ಮ ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು ಮತ್ತೆ ಕಟ್ಟಿದಳು. ಈ ಸಲ ಗಾಳಿ ಬಂದಾಗ ಕೋಲು ಸಸಿಯನ್ನು ಆಡಲು ಬಿಟ್ಟಿತು. ಸಸಿ ತೂಗಿತು, ತೂರಾಡಿತು, ದಪ್ಪವಾಯಿತು.

ಮುಂದಿನ ಮಳೆಗಾಲಕ್ಕೆ ಕೋಲಿನ ಬುಡ ಕೊಳೆತು ಮುರಿಯಿತು. ಆದರೂ ಅದು ಬೀಳಲಿಲ್ಲ. ಅದೇ ಹಗ್ಗ ಅದನ್ನು ಹೊಂಗೆಗೆ ಆನಿಸಿ ಹಿಡಿದಿತ್ತು.

"ಒರಗಿಕೊಳ್ಳಿ ಅಣ್ಣ," ಎಂದಿತು ಹೊಂಗೆ. "ನಾನು ಬಿಗಿಯಾಗಿ ಹಿಡಿಯುವುದಿಲ್ಲ. ಗಾಳಿ ಬಂದಾಗ ನೀವೂ ಆಡಬಹುದು."