ತಲೆಕೆಳಗಾದ ಪ್ರಾರ್ಥನೆ

ಮಕ್ಕಳೇ, ಜೇನುಕಲ್ಲು ಕಾಡಿನ ಕೆರೆದಂಡೆಯಲ್ಲಿ ಒಂದು ಹೈಸ್ಕೂಲು ಇತ್ತು. ನಗಬೇಡಿ. ಮಾತಿಗೆ ಮಾತು ಕೊಡುವ ವಯಸ್ಸಿನ ಮರಿಗಳಿಗೆ ಕಾಡಿನಲ್ಲೂ ಬುದ್ಧಿ ಹೇಳುವವರು ಬೇಕಲ್ಲ. ಅಲ್ಲಿ ಧರ್ಮ, ನೀತಿಯ ಪಾಠ ಮಾಡುತ್ತಿದ್ದವರು ಬೋರಯ್ಯ ಮೇಷ್ಟ್ರು ಎಂಬ ಕಪ್ಪು ಮುಖದ ಮುಸುವ ಕೋತಿ.

ಮೇಷ್ಟ್ರು ಒಳ್ಳೆಯವರೇ. ಯಾರಿಗೂ ಹೊಡೆದವರಲ್ಲ. ಆದರೆ ತಮಗೆ ಗೊತ್ತಿಲ್ಲದ್ದೂ ಒಂದಿಷ್ಟು ಇದೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಕಪ್ಪೆಗಳ ದೇವರು ಯಾರು, ಗೂಬೆಗಳು ಯಾಕೆ ಉಪವಾಸ ಮಾಡುತ್ತವೆ, ಎಲ್ಲವನ್ನೂ ತಾವೇ ಹೇಳುತ್ತಿದ್ದರು. ಎದುರಿಗೇ ಕೂತ ಕಪ್ಪೆಯನ್ನು ಒಂದು ದಿನವೂ ಕೇಳಿದವರಲ್ಲ.

ಒಂದು ಮುಂಜಾನೆ ಪ್ರಾರ್ಥನೆಯ ಪಾಠ ನಡೆದಿತ್ತು.

"ಸೂರ್ಯನಿಗೆ ಮುಖಮಾಡಿ, ಬೆನ್ನು ನೆಟ್ಟಗಿಟ್ಟು ಕೂರಬೇಕು," ಎಂದರು ಮೇಷ್ಟ್ರು. "ಈ ಬಾವಲಿಗಳನ್ನು ನೋಡಿ. ತಲೆಕೆಳಗಾಗಿ ಜೋತುಬಿದ್ದು ದೇವರಿಗೇ ಪಾದ ತೋರಿಸುತ್ತವೆ. ಅದು ಸೋಮಾರಿತನ, ಭಕ್ತಿಯಲ್ಲ."

ಮರಿಗಳೆಲ್ಲ ಕಿಸಕ್ಕೆಂದವು. ಕೊಂಬೆಯಲ್ಲಿ ಜೋತುಬಿದ್ದಿದ್ದ ಬಾವಲಿ ಹುಡುಗಿ ಜೋಲಿಗೆ ನಾಚಿಕೆಯಿಂದ ಅಳುವೇ ಬಂತು.

"ಸಾರ್, ನಮ್ಮಲ್ಲಿ ಅದಕ್ಕೊಂದು ಕಾರಣ..."

"ಕಾರಣ ನಾನೇ ಹೇಳಿದೆನಲ್ಲಮ್ಮ. ಇಳಿದು ಬಾ. ಈ ಹಾಸುಬಂಡೆಯ ಮೇಲೆ ಎಲ್ಲರ ಹಾಗೆ ಕೂತುಕೋ."

ಮೇಷ್ಟ್ರ ಮಾತು ಮೀರುವುದುಂಟೇ? ಜೋಲಿ ಇಳಿದು ಬಂದು, ರೆಕ್ಕೆ ಮುದುರಿಕೊಂಡು ತಡವರಿಸುತ್ತ ಕೂತಳು.

"ನೋಡಿದಿರಾ, ಹೇಳಿಕೊಟ್ಟರೆ ಯಾರಿಗಾದರೂ ಬರುತ್ತದೆ," ಎಂದು ಮೇಷ್ಟ್ರು ಬೀಗಿದರು.

ಅಷ್ಟರಲ್ಲಿ ಪೊದೆ ಅಲುಗಾಡಿತು. ಕಾಡುಬೆಕ್ಕು! ಮೇಷ್ಟ್ರು "ಖಕ್ ಖಕ್" ಎಂದು ಕೂಗಿ ಮರಕ್ಕೆ ಹಾರಿದರು. ಕಪ್ಪೆ ನೀರಿಗೆ ಧುಮುಕಿತು. ಅಳಿಲು, ಗೊರವಂಕ ಎಲ್ಲ ದಿಕ್ಕಾಪಾಲಾದವು. ಬಂಡೆಯ ಮೇಲೆ ಜೋಲಿ ಒಬ್ಬಳೇ ಉಳಿದಳು. ರೆಕ್ಕೆ ಪಟಪಟ ಬಡಿದರೂ ಮೇಲೇಳಲಿಲ್ಲ.

"ಹಾರೇ ಜೋಲಿ," ಎಂದರು ಮೇಷ್ಟ್ರು ಮೇಲಿನಿಂದ.

"ನೆಲದಿಂದ ನಮಗೆ ಹಾರೋಕೆ ಬರಲ್ಲ ಸಾರ್."

ಇದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಆ ಕೂಸನ್ನು ಬೆಕ್ಕಿನ ಬಾಯಿಗೆ ಇಟ್ಟವನು ನಾನೇ ಎಂದುಕೊಂಡರು. ಹಿಂದೆಮುಂದೆ ನೋಡದೆ ಕೆಳಗೆ ಹಾರಿದರು. ಜೋಲಿಯನ್ನು ಬಾಚಿಕೊಂಡು ಮರ ಹತ್ತುವಾಗ ಬೆಕ್ಕಿನ ಉಗುರು ಅವರ ಬಾಲದ ತುದಿಯನ್ನು ಸೀಳಿತು. ಆದರೂ ಅವರು ಜೋಲಿಯನ್ನು ಬಿಡಲಿಲ್ಲ.

ಎತ್ತರದ ಕೊಂಬೆ ಸಿಕ್ಕಿದ್ದೇ ತಡ, ಜೋಲಿ ಕಾಲಲ್ಲಿ ಹಿಡಿದು ತಲೆಕೆಳಗಾಗಿ ಜೋತುಬಿದ್ದಳು. ಆಮೇಲೆ ಹಿಡಿತ ಬಿಟ್ಟಳು. ಕಲ್ಲಿನಂತೆ ಬಿದ್ದವಳು ನಡುದಾರಿಯಲ್ಲಿ ರೆಕ್ಕೆ ಬಿಚ್ಚಿ, ಕೆರೆಯ ಮೇಲೆ ಹಾರಿಹೋದಳು. ಬೇಟೆ ತಪ್ಪಿದ ಬೆಕ್ಕು ಪೊದೆಗೆ ಮರಳಿತು. ಮೇಷ್ಟ್ರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ಕೂತರು.

ಮರುದಿನ ಅವರು ಬಾಲಕ್ಕೆ ಸೊಪ್ಪು ಕಟ್ಟಿಕೊಂಡು ಬಂದರು. ಎಂದಿನಂತೆ ಎದುರಿಗೆ ನಿಲ್ಲದೆ ಮರಿಗಳ ನಡುವೆಯೇ ಕೂತರು.

"ನಿನ್ನೆ ನಾನು ತಿಳಿಯದ್ದನ್ನು ಪಾಠ ಮಾಡಿದೆ," ಎಂದರು. "ಜೋಲಿ, ನೀನು ಅಲ್ಲಿಂದಲೇ ಹೇಳಮ್ಮ. ನಾನು ಕೇಳುತ್ತೇನೆ."

ಕೊಂಬೆಯಿಂದ ಜೋಲಿ ಮೆಲ್ಲಗೆ ಹೇಳಿದಳು. "ನಮ್ಮಜ್ಜಿ ಹೇಳೋದು ಇಷ್ಟೇ ಸಾರ್. ಬೀಳೋಕೆ ಹೆದರದವರನ್ನ ಗಾಳಿ ಎತ್ತಿಕೊಳ್ಳುತ್ತಂತೆ. ಆ ನಂಬಿಕೆ ಮರೀಬಾರದು ಅಂತ ಹೀಗೆ ಜೋತುಬೀಳ್ತೀವಿ."

ಯಾರೂ ಕಿಸಕ್ಕೆನ್ನಲಿಲ್ಲ. ಮೇಷ್ಟ್ರು ತಲೆಯಾಡಿಸಿ ಕಪ್ಪೆಯ ಕಡೆ ತಿರುಗಿದರು. "ಈಗ ನೀನು ಹೇಳಪ್ಪ. ನಿಮ್ಮ ದೇವರು ಯಾರು?"

ಕಪ್ಪೆ ಅತ್ತಿತ್ತ ನೋಡಿತು. "ನಿಜ ಹೇಳಿದರೆ ತಪ್ಪು ಅನ್ನಲ್ಲ ತಾನೇ ಸಾರ್?"

ಬೆಕ್ಕಿನ ಉಗುರಿಗಿಂತ ಆ ಮಾತೇ ಮೇಷ್ಟ್ರಿಗೆ ಹೆಚ್ಚು ನೋವು ಕೊಟ್ಟಿತು.

"ಇಲ್ಲಪ್ಪ," ಎಂದು ಅವರು ಕಪ್ಪೆಯ ಹತ್ತಿರಕ್ಕೆ ಸರಿದು ಕೂತರು.

ನೀತಿ: ಇನ್ನೊಬ್ಬರ ನಂಬಿಕೆಯ ಬಗ್ಗೆ ಪಾಠ ಹೇಳುವ ಮೊದಲು, ಅದನ್ನು ನಂಬಿದವರನ್ನೇ ಕೇಳಿ ತಿಳಿದುಕೊಳ್ಳಬೇಕು.